‘ಮ್ಯಾನರ್’ ಅಂದರೆ ಬಂಗಲೆಯೇ? ಬೀಡು, ಉಂಬಳಿ, ಜೋಡಿ: ಯಾವುದು ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಲ್ಯಾಕ್ಸ್‌ಟನ್ ಅಂತ ಒಂದು ಸಣ್ಣ ಹಳ್ಳಿ. ಅದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಿನ ಹಳೆಯ ಒಡೆತನದ ವ್ಯವಸ್ಥೆಗೆ ಇರುವ ‘ಮ್ಯಾನರ್’ ಎಂಬ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಕನ್ನಡಕ್ಕೆ ತರುವಾಗ ನಾವು ಅದನ್ನು ಸುಮ್ನೆ ‘ಬಂಗಲೆ’ ಇಲ್ಲವೇ ‘ಮಹಲು’ ಮಾಡಿಬಿಡುತ್ತೇವೆ. ಲ್ಯಾಕ್ಸ್‌ಟನ್‌ನಲ್ಲಿ ಅದು ಹೊಂದುವುದೇ ಇಲ್ಲ. ಒಡೆಯರ ಕೋಟೆ ಇದ್ದ ಕಡೆ ಈಗ ಹುಲ್ಲು ಬೆಳೆದ ಮಣ್ಣಿನ ದಿಬ್ಬ ಇದೆ. ಮ್ಯಾನರ್ ಮಾತ್ರ ಇನ್ನೂ ನಡೆಯುತ್ತಿದೆ.

ಹೇಗೆ ಅಂದರೆ, ಊರಿಗೆ ಮೂರು ದೊಡ್ಡ ಬಯಲು ಹೊಲಗಳು. ಪಟ್ಟಿಗಳ ನಡುವೆ ಬೇಲಿ ಇಲ್ಲ. ಒಬ್ಬೊಬ್ಬ ರೈತನಿಗೂ ಅಲ್ಲೊಂದು ಇಲ್ಲೊಂದು ಪಟ್ಟಿ. 1635ರ ನಕ್ಷೆಯಲ್ಲಿ ಆ ಪಟ್ಟಿಗಳೆಲ್ಲ ಇವೆ, ಉಳುವವರ ಪುಟ್ಟ ಪುಟ್ಟ ಚಿತ್ರಗಳೂ ಇವೆ. ನವೆಂಬರ್ ಕೊನೆಗೆ ಊರಿನ ರೈತರೇ ಪಂಚರಾಗಿ, ಗೋಧಿ ಬಿತ್ತಿದ ಹೊಲ ಸುತ್ತುತ್ತಾರೆ. ಯಾರಾದರೂ ದಾರಿಯನ್ನೋ ಹುಲ್ಲಿನ ಅಂಚನ್ನೋ ಒತ್ತಿ ಉತ್ತಿದ್ದರೆ, ಸರಿಯಾದ ಎಲ್ಲೆಗೆ ಮರದ ಗೂಟ ಹೊಡೆಯುತ್ತಾರೆ. ಆಮೇಲೆ ಮ್ಯಾನರಿನ ನ್ಯಾಯಸಭೆ ಸೇರಿ ದಂಡ ಹಾಕುತ್ತದೆ. ನಮ್ಮಲ್ಲಿ ‘ಬದು ಒತ್ತೋದು’ ಅಂತೀವಲ್ಲ, ಅದೇ! ಇದಕ್ಕೆ ನಾನು ಪದ ಹುಡುಕಬೇಕಾಗಲೇ ಇಲ್ಲ.

1952ರಲ್ಲಿ ಈ ಊರು ಸರ್ಕಾರದ ಕೃಷಿ ಇಲಾಖೆಗೆ ಮಾರಾಟವಾಯಿತು. ಆಗಲೂ ಈ ನ್ಯಾಯಸಭೆ ನಿಲ್ಲಲಿಲ್ಲ. ಅಂದರೆ ಮ್ಯಾನರ್ ಅನ್ನುವುದು ಊರಿನ ನೆಲ, ಗೇಣಿ, ನ್ಯಾಯ ಈ ಮೂರರ ಮೇಲಿನ ಹಕ್ಕು. ಮನೆ ಅದರಲ್ಲೊಂದು ಭಾಗ, ಅಷ್ಟೆ.

ಹಳೆ ಮೈಸೂರಿನ ‘ಜೋಡಿ ಗ್ರಾಮ’ ಮೊದಲು ನೆನಪಾಯಿತು. ಜೋಡಿದಾರರು ಸರ್ಕಾರಕ್ಕೆ ಹಗುರವಾದ ಕಂದಾಯ ಕಟ್ಟಿ, ಊರಿನ ಹುಟ್ಟುವಳಿ ತಾವು ಪಡೆಯುತ್ತಿದ್ದರು. ಆದರೆ ಆ ಪದದಲ್ಲಿ ನ್ಯಾಯದ ಮಾತಿಲ್ಲ. ‘ಉಂಬಳಿ’ ನನಗೆ ತುಂಬಾ ಇಷ್ಟ. ಶಾಸನಗಳಲ್ಲೂ ಇರುವ ಪದ, ದೊರೆಗೆ ಮಾಡಿದ ಸೇವೆಗೆ ಬಿಟ್ಟ ನೆಲ ಎಂಬ ಅರ್ಥ. ಎಷ್ಟೋ ಮ್ಯಾನರ್‌ಗಳು ಒಡೆಯರಿಗೆ ಸಿಕ್ಕಿದ್ದೂ ಹಾಗೆಯೇ. ಆದರೆ ಉಂಬಳಿ ಅಂದರೆ ಒಂದೆರಡು ಎಕರೆಯೂ ಆಗಬಹುದು, ಅಲ್ವಾ?

ಮೂರನೆಯದು ‘ಬೀಡು’. ಮ್ಯಾನರ್ ಪದದ ಬೇರು ಲ್ಯಾಟಿನ್‌ನ ‘ಉಳಿ, ನೆಲೆಸು’ ಎಂಬ ಕ್ರಿಯಾಪದ. ನಮ್ಮ ‘ಬೀಡು’ ಕೂಡ ‘ಬಿಡು’ವಿನಿಂದ ಬಂದದ್ದು: ಬೀಡುಬಿಡು, ನೆಲೆವೀಡು. ಕರಾವಳಿಯಲ್ಲಿ ಅದು ಸೀಮೆಯ ಹಿರಿಯ ಮನೆತನದ ಮನೆ. ಧರ್ಮಸ್ಥಳದ ಹೆಗ್ಗಡೆಯವರ ಮನೆಯೂ ‘ಬೀಡು’, ಅಲ್ಲಿಗೆ ಜನ ವ್ಯಾಜ್ಯ ಹೊತ್ತು ನ್ಯಾಯಕ್ಕೆ ಹೋಗುತ್ತಾರೆ. ಎರಡು ಪದಗಳೂ ‘ತಂಗುವ ಜಾಗ’ದಿಂದ ಹೊರಟು ಅಧಿಕಾರದ ಕಡೆಗೆ ನಡೆದಿವೆ. ಇದು ಕಂಡಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ದಕ್ಷಿಣ ಕನ್ನಡ, ಉಡುಪಿ ಕಡೆಯವರಲ್ಲಿ ನನ್ನ ಪ್ರಶ್ನೆ ಇದು. ನಿಮ್ಮ ಮಾತಿನಲ್ಲಿ ‘ಬೀಡಿನ ಗದ್ದೆ’, ‘ಬೀಡಿನ ಒಕ್ಕಲು’ ಅನ್ನುವ ಬಳಕೆ ಇದೆಯೇ? ಇದ್ದರೆ ‘ಬೀಡು’ ಅಂದಾಗ ನಿಮಗೆ ಮನೆಯಷ್ಟೇ ಕಾಣುತ್ತದೋ, ಅದರ ಸುತ್ತಿನ ಗದ್ದೆ, ಒಕ್ಕಲು ಎಲ್ಲವೂ ಬರುತ್ತದೋ?