ಕಾಮಿಕ್ ಕಾನ್‌ಗೆ ಮೊದಲ ಸಲ ಹೋಗ್ತಿದ್ದೀವಿ, ಹೋಗಿ ಬಂದವರು ನಿಮ್ಮ ಅನುಭವ ಹೇಳಿ

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬಿ.ಕಾಂ. ಎರಡನೇ ವರ್ಷ. ನನಗೂ ನನ್ನ ತಮ್ಮನಿಗೂ ಜಪಾನಿನ ಅನಿಮೆ ಕಾರ್ಟೂನು ಅಂದರೆ ಪ್ರಾಣ. ಅವನು ಎಂಟನೇ ಕ್ಲಾಸು. ಮೂರು ವರ್ಷದಿಂದ ಕಾಮಿಕ್ಸ್, ಅನಿಮೆ ಅಭಿಮಾನಿಗಳೆಲ್ಲ ಸೇರುವ ಬೆಂಗಳೂರು ಕಾಮಿಕ್ ಕಾನ್ ಮೇಳದ ಫೋಟೊಗಳನ್ನು ಫೋನ್‌ನಲ್ಲಿ ನೋಡಿದ್ದೇ ಆಯಿತು. ಈ ಸಲ ಹೋಗಲೇಬೇಕು, ಅದೂ ಕಾಸ್‌ಪ್ಲೇ ಮಾಡಿಕೊಂಡು, ಅಂದರೆ ಇಷ್ಟದ ಪಾತ್ರದ ವೇಷ ಹಾಕಿಕೊಂಡು. ಡೀಮನ್ ಸ್ಲೇಯರ್ ಅನಿಮೆಯಲ್ಲಿ ರಾಕ್ಷಸರನ್ನು ಬೇಟೆಯಾಡುವ ಅಣ್ಣ-ತಂಗಿ ಇದ್ದಾರಲ್ಲ, ಹಸಿರು-ಕಪ್ಪು ಚೌಕಳಿ ಮೇಲಂಗಿಯ ಹುಡುಗ, ಬಾಯಿಗೆ ಬಿದಿರು ಕಟ್ಟಿಕೊಂಡ ಹುಡುಗಿ, ಅವರೇ ನಾವು. ತಮ್ಮ ಅಣ್ಣ ಆಗುತ್ತಾನೆ, ನಾನು ತಂಗಿ.

ಕೈಯಲ್ಲಿ ದುಡ್ಡು ಕಮ್ಮಿ, ರೆಡಿಮೇಡ್ ಡ್ರೆಸ್ ತರಿಸೋಕೆ ಆಗಲ್ಲ. ಅಪ್ಪನಿಗೆ ಬೇರೆ ಚಿಂತೆ. ಅಷ್ಟು ಜನರ ನಡುವೆ ಹೆಣ್ಣುಮಗಳು ವೇಷ ಹಾಕಿಕೊಂಡು ನಿಂತರೆ ಯಾರು ಫೋಟೊ ತೆಗೆಯುತ್ತಾರೋ ಏನೋ ಅಂತಾರೆ. ಹೇಗೆ ಬರಬೇಕು, ಡ್ರೆಸ್ ಹೇಗೆ ಮಾಡಿಕೊಳ್ಳಬೇಕು, ಅಪ್ಪನಿಗೆ ಏನು ಹೇಳಬೇಕು, ದಯವಿಟ್ಟು ತಿಳಿಸಿ.

ವಿಜಯನಗರದಿಂದ, ನಾಲ್ಕು ಸಲ ಹೋದವಳು:

ತಂಗಿ, ಖಂಡಿತ ಬಾ. ಮೊದಲು ತಾರೀಖು ನೋಡಿಕೋ. 2012ರಲ್ಲಿ ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಇದು ಶುರುವಾಯಿತು. ಆಮೇಲೆ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಯಿತು, ನಾನು ಹೋಗಿದ್ದೆಲ್ಲ ಅಲ್ಲಿಗೇ. ಆದರೆ ತಿಂಗಳು ಒಂದೇ ಇರುವುದಿಲ್ಲ. 2022ರಲ್ಲಿ ನವೆಂಬರ್‌ನಲ್ಲಿ ಆಯಿತು, 2025ರಲ್ಲಿ ಜನವರಿಯಲ್ಲಿ. ಹಾಗಾಗಿ ಅವರೇ ತಾರೀಖು, ಜಾಗ ಎರಡನ್ನೂ ಹೇಳುವ ತನಕ ರೈಲು ಬುಕ್ ಮಾಡಬೇಡ. ಟಿಕೆಟ್ ಆನ್‌ಲೈನ್‌ನಲ್ಲೇ ತಗೋ. ಗೇಟಿನ ಹತ್ತಿರ ಸಿಗುತ್ತೆ ಅಂತ ನಂಬಿಕೊಂಡು ಅಷ್ಟು ದೂರದಿಂದ ಬರಬೇಡ.

ನಿಮ್ಮೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್ಕು. ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಮೆಟ್ರೊ. ನೇರಳೆ ಮಾರ್ಗ ನೇರ ವೈಟ್‌ಫೀಲ್ಡ್ ಕಡೆಗೇ ಹೋಗುತ್ತೆ, ಎಲ್ಲೂ ಬದಲಿಸಬೇಕಾಗಿಲ್ಲ. ಒಂದು ಗಂಟೆ ಹತ್ತಿರ ಹಿಡಿಯುತ್ತೆ. 2023ರಲ್ಲಿ ಆ ಮಾರ್ಗ ಪೂರ್ತಿ ಆಗುವುದಕ್ಕೆ ಮುಂಚೆ ನಾವು ಬಸ್ಸಿನಲ್ಲಿ ಮಾರತ್‌ಹಳ್ಳಿ ಟ್ರಾಫಿಕ್‌ನಲ್ಲಿ ಕೂತು ಬೆವರಿ ಬಣ್ಣವೆಲ್ಲ ಇಳಿದುಹೋಗುತ್ತಿತ್ತು. ಈಗ ಆ ಕಷ್ಟ ಇಲ್ಲ. ಭಾನುವಾರ ಮೆಟ್ರೊ ಬೆಳಗ್ಗೆ ತಡವಾಗಿ ಶುರುವಾಗುತ್ತೆ, ಅದು ಗಮನದಲ್ಲಿರಲಿ.

ಎರಡು ದಿನದಲ್ಲಿ ಒಂದೇ ದಿನ ಆಗುತ್ತೆ ಅನ್ನುವುದಾದರೆ ನನ್ನ ಮಾತು ಕೇಳು, ಶನಿವಾರ ಬಾ. ಗೇಟು ತೆಗೆಯುವ ಹೊತ್ತಿಗೆ ಸಾಲಿನಲ್ಲಿ ಇರು. ಮೊದಲ ಎರಡು ಗಂಟೆ ಅಂಗಡಿಗಳ ಮುಂದೆ ನಿಂತು ನೋಡೋಕೆ ಜಾಗ ಇರುತ್ತೆ. ಮಧ್ಯಾಹ್ನದ ಮೇಲೆ ಜನ ನಮ್ಮನ್ನೇ ತಳ್ಳಿಕೊಂಡು ಹೋಗುತ್ತಾರೆ. ಮಾಂಗಾ ಅನ್ನುವ ಜಪಾನಿ ಕಾಮಿಕ್ಸು, ಪೋಸ್ಟರು, ಬೊಂಬೆ ಎಲ್ಲ ಇರುತ್ತೆ. ಆದರೆ ನನಗೆ ಇಷ್ಟ ಆಗೋದು ಚಿತ್ರಕಾರರು ತಾವೇ ಮೇಜು ಹಾಕಿಕೊಂಡು ಕೂತಿರುವ ಸಾಲು. ಬರೆದವರೇ ಎದುರಿಗೆ ಇರುತ್ತಾರೆ. ಸುಮ್ನೆ ನೋಡಿ ಮುಂದೆ ಹೋಗಬೇಡ, ಒಂದು ಮಾತಾಡಿಸು. ಪುಟ್ಟ ಸ್ಟಿಕ್ಕರ್ ತಗೊಂಡರೂ ಅವರಿಗೆ ಅದೆಷ್ಟು ಖುಷಿ ಗೊತ್ತಾ? ಮತ್ತೆ, ಒಳಗೆ ಜನ ಜಾಸ್ತಿ ಆದಾಗ ನೆಟ್‌ವರ್ಕ್ ಕೈಕೊಡುತ್ತೆ. ಕ್ಯೂಆರ್ ಸ್ಕ್ಯಾನ್ ಆಗದೆ ಬೇಕಾದ ಪುಸ್ತಕ ಬಿಟ್ಟು ಬಂದಿದ್ದೇನೆ. ಸ್ವಲ್ಪ ನೋಟು ಇಟ್ಟುಕೋ. ತಮ್ಮ ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕು ಅಂತ ಒಳಗೆ ಹೋದ ತಕ್ಷಣ ಒಂದು ಜಾಗ ತೋರಿಸಿಬಿಡು.

ಖಡ್ಗ ಲೋಹದ್ದು ಬೇಡವೇ ಬೇಡ, ಬಿಡುವುದಿಲ್ಲ. ಫೋಮ್ ಅಥವಾ ರಟ್ಟಿನದು ಮಾಡಿ. ಎರಡು ತುಂಡಾಗಿ ಬಿಚ್ಚಿ ಚೀಲದಲ್ಲಿ ಇಡುವ ಹಾಗಿದ್ದರೆ ರೈಲು, ಮೆಟ್ರೊದಲ್ಲೂ ನೆಮ್ಮದಿ.

ಹುಬ್ಬಳ್ಳಿಯಿಂದ:

ಡ್ರೆಸ್ ವಿಚಾರ ನಾನು ಹೇಳುತ್ತೇನೆ. ಆ ಚೌಕಳಿ ಮೇಲಂಗಿ ನಾನೇ ಹೊಲಿದಿದ್ದೇನೆ. ಹಸಿರು, ಕಪ್ಪು ತುಂಡು ಕತ್ತರಿಸಿ ಜೋಡಿಸಲು ಹೋಗಿ ಒಂದು ವಾರ ಹಾಳಾಯಿತು, ಚೌಕ ಒಂದಕ್ಕೊಂದು ಕೂಡಲೇ ಇಲ್ಲ. ಆಮೇಲೆ ಹೊಳೆದದ್ದು ಸುಲಭದ ದಾರಿ. ಬರೀ ಹಸಿರು ಕಾಟನ್ ಬಟ್ಟೆ ತಗೊಳ್ಳಿ. ಮೊದಲು ಒಗೆದು ಒಣಗಿಸಿ, ಇಸ್ತ್ರಿ ಮಾಡಿ. ನೆಲದ ಮೇಲೆ ಪೇಪರ್ ಹಾಸಿ ಬಟ್ಟೆ ಬಿಗಿಯಾಗಿ ಹರವಿ. ಸ್ಕೇಲ್ ಇಟ್ಟು ಪೆನ್ಸಿಲ್‌ನಿಂದ ಚೌಕ ಹಾಕಿ. ಕಪ್ಪಾಗಬೇಕಾದ ಚೌಕದ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಉಗುರಿನಿಂದ ಚೆನ್ನಾಗಿ ತೀಡಿ. ಫ್ಯಾಬ್ರಿಕ್ ಬಣ್ಣಕ್ಕೆ ನೀರು ಬೆರೆಸಬೇಡಿ, ಬೆರೆಸಿದರೆ ಟೇಪಿನ ಕೆಳಗೆ ಹರಿಯುತ್ತದೆ. ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿ. ಪೂರ್ತಿ ಒಣಗಿದ ಮೇಲೆ ಬಟ್ಟೆ ತಿರುಗಿಸಿ ಇಸ್ತ್ರಿ ಹಾಕಿದರೆ ಬಣ್ಣ ನಿಲ್ಲುತ್ತದೆ. ಹೊಲಿಗೆ ಅದಾದ ಮೇಲೆ. ನಿಮ್ಮ ತಮ್ಮನನ್ನೂ ಕೂರಿಸಿಕೊಳ್ಳಿ, ಟೇಪ್ ಅಂಟಿಸುವ ಕೆಲಸ ಹುಡುಗರಿಗೆ ಹಿಡಿಸುತ್ತದೆ.

ನಿಮ್ಮ ಗುಲಾಬಿ ಕಿಮೊನೊಗೆ, ಅದೇ ಆ ಹುಡುಗಿ ತೊಡುವ ಜಪಾನಿ ನಿಲುವಂಗಿಗೆ, ಅಮ್ಮನ ಹಳೇ ಕಾಟನ್ ಸೀರೆ ಸಾಕು. ಉದ್ದ ಕೂದಲಿದ್ದರೆ ವಿಗ್ ಕೂಡ ಬೇಡ, ತುದಿಗೆ ಕಿತ್ತಳೆ ಬಣ್ಣದ ಹೇರ್ ಚಾಕ್ ಹಚ್ಚಿದರೆ ಮುಗಿಯಿತು. ತಮ್ಮನಿಗೆ ವಿಗ್ ತರಿಸುವುದಾದರೆ ಒಂದು ತಿಂಗಳು ಮೊದಲೇ ತರಿಸಿ. ನಾನು ತರಿಸಿದ್ದು ಕಾನ್ ಮುಗಿದು ನಾಲ್ಕು ದಿನಕ್ಕೆ ಮನೆಗೆ ಬಂತು. ಆ ನೋವು ಈಗಲೂ ಇದೆ.

ಖಡ್ಗದ ಫೋಮ್ ಅಂಟಿಸಲು ಚಪ್ಪಲಿ ರಿಪೇರಿಯವರು ಬಳಸುವ ಅಂಟು ತಗೊಳ್ಳಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದ ಹಾಗಾಗುವ ತನಕ ಕಾದು, ಆಮೇಲೆ ಒತ್ತಬೇಕು. ಗ್ಲೂ ಗನ್ ಅಂಟು ಬಿಸಿಲಿಗೆ ಮೆತ್ತಗಾಗುತ್ತದೆ. ನನ್ನ ಭುಜದ ಕವಚ ಬಿಸಿಲಲ್ಲಿ ನಿಂತ ಕಾರಿನೊಳಗೇ ಬಿಚ್ಚಿಕೊಂಡಿತ್ತು. ಒಂದು ಸಣ್ಣ ಡಬ್ಬಿಯಲ್ಲಿ ಸೂಜಿ ದಾರ, ಸೇಫ್ಟಿ ಪಿನ್, ಟೇಪು, ಹೇರ್‌ಪಿನ್ ಜೊತೆಗಿರಲಿ.

ಉಡುಪಿ ಕಡೆಯಿಂದ:

ನನ್ನ ಅಪ್ಪ ಬಡಗುತಿಟ್ಟು ಯಕ್ಷಗಾನದ ವೇಷಧಾರಿ. ಚಿಕ್ಕವನಿದ್ದಾಗ ಚೌಕಿಯ, ಅಂದರೆ ಬಣ್ಣದ ಕೋಣೆಯ, ಮೂಲೆಯಲ್ಲಿ ಮಲಗಿ ನಿದ್ದೆ ಮಾಡಿದವನು ನಾನು. ಆದರೂ ಮೊದಲ ಸಲ ಕಾಮಿಕ್ ಕಾನ್‌ಗೆ ಫೋಮಿನ ಶಿರಸ್ತ್ರಾಣ ಮಾಡಿಕೊಂಡು ಹೋದಾಗ ಅಪ್ಪನನ್ನು ಕೇಳಬೇಕು ಅಂತ ತೋಚಲಿಲ್ಲ. ಎರಡು ಗಂಟೆಯಲ್ಲಿ ಕಪಾಲದ ಎರಡೂ ಕಡೆ ಹಿಡಿದು ಒತ್ತಿದ ಹಾಗೆ ತಲೆನೋವು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಉಳಿದ ದಿನ ಕಳೆದೆ.

ಮನೆಗೆ ಬಂದ ಮೇಲೆ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬರೀ ತಲೆಗೆ ಯಾರಾದರೂ ಕಿರೀಟ ಇಡ್ತಾರಾ ಮಗಾ?" ಅಂದರು. ನನ್ನನ್ನು ಮಣೆಯ ಮೇಲೆ ಕೂರಿಸಿ, ಹಳೇ ಪಂಚೆಯೊಂದನ್ನು ಉದ್ದಕ್ಕೆ ಹರಿದು, ಹಣೆಯಿಂದ ಶುರುಮಾಡಿ ಹಿಂದಕ್ಕೆ ಸುತ್ತುತ್ತಾ ಬಂದರು. ಪ್ರತಿ ಸುತ್ತಿಗೂ "ಬಿಗಿಯಾಯ್ತಾ?" ಅಂತ ಕೇಳುತ್ತಿದ್ದರು. ಕಿವಿಯ ಮೇಲೆ ಒಂದು ಮಡಿಕೆ ಜಾಸ್ತಿ. ಅದರ ಮೇಲೆ ಶಿರಸ್ತ್ರಾಣ ಇಟ್ಟರೆ ಭಾರ ತಲೆಯ ತುಂಬ ಹಂಚಿಹೋಯಿತು. ಮುಂದಿನ ಸಲ ಸಂಜೆ ತನಕ ತೆಗೆಯಲೇ ಇಲ್ಲ. ವಿಗ್ ಹಾಕುವವರಿಗೂ ಇದೇ ಮಾತು. ಒಳಗೆ ವಿಗ್ ಕ್ಯಾಪ್ ಅಥವಾ ತೆಳು ಬಟ್ಟೆ ಇಲ್ಲದಿದ್ದರೆ ಜಾರುತ್ತದೆ, ತುರಿಸುತ್ತದೆ.

ನಿನ್ನ ತಮ್ಮನ ಹಣೆಯ ಗಾಯದ ಗುರುತಿಗೆ ಬಣ್ಣ ಹಚ್ಚುವ ಮುಂಚೆ ಮುಖಕ್ಕೆ ತೆಂಗಿನೆಣ್ಣೆ ತೆಳ್ಳಗೆ ಸವರು. ತೆಗೆಯುವಾಗಲೂ ತೆಂಗಿನೆಣ್ಣೆ ಹಚ್ಚಿ ಹಳೇ ಬಟ್ಟೆಯಿಂದ ಒರೆಸು, ಆಮೇಲೆ ಸೋಪು. ಮೊದಲೇ ಸೋಪು ಹಾಕಿ ತಿಕ್ಕಿದರೆ ಚರ್ಮ ಉರಿಯುತ್ತದೆ. ಅಂಗಡಿಯ ಪೋಸ್ಟರ್ ಬಣ್ಣ ಮುಖಕ್ಕೆ ಯಾವ ಕಾರಣಕ್ಕೂ ಬೇಡ.

ನಿನ್ನ ಬಿದಿರು ಇದೆಯಲ್ಲ, ಅದರ ಬಗ್ಗೆ ಯೋಚಿಸು. ನಿಜವಾದ ಬಿದಿರು ಭಾರ. ಅಡುಗೆಮನೆಯ ಫಾಯಿಲ್ ಸುತ್ತಿ ಬರುವ ರಟ್ಟಿನ ಕೊಳವೆಗೆ ಹಸಿರು ಬಣ್ಣ ಹಚ್ಚಿದರೆ ಸಾಕು. ರಿಬ್ಬನ್ನು ಗಂಟು ಹಾಕಬೇಡ, ಒಳಗೆ ಎಲಾಸ್ಟಿಕ್ ಕೊಡು, ಬೇಕಾದಾಗ ಎಳೆದು ಕುತ್ತಿಗೆಗೆ ಇಳಿಸಬಹುದು. ಇಲ್ಲದಿದ್ದರೆ ದಿನವಿಡೀ ನೀರು ಕುಡಿಯುವುದಿಲ್ಲ ನೀನು. ಒಂದು ಭಾನುವಾರ ಮನೆಯಲ್ಲೇ ಪೂರ್ತಿ ವೇಷ ಹಾಕಿ ಮೂರು ಗಂಟೆ ಇರು. ಕೂತು ನೋಡು, ಮೆಟ್ಟಿಲು ಹತ್ತು, ಊಟ ಮಾಡು, ಬಾತ್‌ರೂಮಿಗೆ ಹೋಗು. ಏನು ಆಗುವುದಿಲ್ಲವೋ ಅದನ್ನು ಅವತ್ತೇ ಸರಿಮಾಡಬೇಕು.

ನಿನ್ನ ಅಪ್ಪನಿಗೆ ನನ್ನ ಪರವಾಗಿ ಒಂದು ಮಾತು ಹೇಳು. ನಮ್ಮ ಕಡೆ ಮೇಷ್ಟ್ರು, ಕೃಷಿಕರು, ಈಗ ಹೆಣ್ಣುಮಕ್ಕಳು ಕೂಡ ವೇಷ ಕಟ್ಟಿ ರಾತ್ರಿಯಿಡೀ ರಂಗದಲ್ಲಿ ನಿಲ್ಲುತ್ತಾರೆ. ಇಷ್ಟಪಟ್ಟ ಪಾತ್ರವನ್ನು ಮೈಮೇಲೆ ಹೊರುವ ಆಸೆ ನಮ್ಮ ನೆಲಕ್ಕೆ ಹೊಸದೇನಲ್ಲ.

ಟೋಕಿಯೊದಿಂದ, ಮೂಲ ಶಿವಮೊಗ್ಗ:

ಕಿಮೊನೊ ಅಂದಿರಲ್ಲ, ಒಂದೇ ಒಂದು ವಿಷಯ. ಉಟ್ಟಾಗ ನಿಮ್ಮ ಎಡಗಡೆಯ ಸೆರಗು ಮೇಲೆ ಬರಬೇಕು, ಬಲಗಡೆಯದು ಒಳಗೆ. ಬಲ ಮೇಲೆ ಬಂದರೆ ಇಲ್ಲಿ ಅದು ತೀರಿಕೊಂಡವರಿಗೆ ಉಡಿಸುವ ರೀತಿ. ಕನ್ನಡಿಯಲ್ಲಿ ಅದಲುಬದಲಾಗಿ ಕಾಣುತ್ತದೆ, ಹಾಗಾಗಿ ಕೈಯಿಂದ ಮುಟ್ಟಿ ನೋಡಿಕೊಳ್ಳಿ.

ಇಲ್ಲಿ ಟೋಕಿಯೊ ಬಿಗ್ ಸೈಟ್ ಪ್ರದರ್ಶನ ಕೇಂದ್ರದಲ್ಲಿ ಆಗಸ್ಟ್, ಡಿಸೆಂಬರ್‌ನಲ್ಲಿ ಕಾಮಿಕೆಟ್ ಅನ್ನುವ ದೊಡ್ಡ ಕಾಮಿಕ್ಸ್ ಮೇಳ ನಡೆಯುತ್ತದೆ. 1975ರಿಂದ ಇದೆ. ಅದಕ್ಕೆ ಯಾರೂ ಮನೆಯಿಂದ ವೇಷ ಹಾಕಿಕೊಂಡು ಬರುವ ಹಾಗಿಲ್ಲ. ಅಲ್ಲೇ ಬಟ್ಟೆ ಬದಲಿಸುವ ಜಾಗದಲ್ಲಿ ಹಾಕಿಕೊಂಡು, ಹೊರಡುವಾಗ ತೆಗೆದಿಟ್ಟು ಹೋಗಬೇಕು. ನನಗೆ ಆ ಪದ್ಧತಿ ತುಂಬ ಹಿಡಿಸಿತು. ಬೆಂಗಳೂರಿನಲ್ಲಿ ಆ ಕಟ್ಟುಪಾಡು ಇಲ್ಲ, ಆದರೂ ನೀವು ರಾತ್ರಿ ರೈಲಿನಲ್ಲಿ ಬರುವವರು. ಸಾದಾ ಬಟ್ಟೆಯಲ್ಲಿ ಬಂದು, ಪರಿಚಯದವರ ಮನೆಯಲ್ಲೋ ಜಾಗ ತಲುಪಿದ ಮೇಲೋ ಹಾಕಿಕೊಂಡರೆ ಡ್ರೆಸ್ಸೂ ಮುದುಡುವುದಿಲ್ಲ, ಅಪ್ಪನಿಗೂ ಸಮಾಧಾನ.

ಮೈಸೂರಿನಿಂದ, ಇಬ್ಬರು ಮಕ್ಕಳ ತಾಯಿ:

ಪುಟ್ಟೀ, ನಿಮ್ಮ ತಂದೆಯ ಜಾಗದಲ್ಲಿ ನಿಂತು ಬರೆಯುತ್ತಿದ್ದೇನೆ. ನಮ್ಮ ಮಗಳು ಹದಿನಾರರಲ್ಲಿ ಮೊದಲ ಸಲ ಕೇಳಿದಾಗ ನಾನೂ ಬೇಡ ಅಂದಿದ್ದೆ. ಆಮೇಲೆ ಮನಸ್ಸು ತಡೆಯದೆ ಜೊತೆಗೆ ಹೋದೆ. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಅವಳ ಸೊಂಟದ ಪಟ್ಟಿ ಕಿತ್ತುಹೋಯಿತು. ಯಾರೋ ಗೊತ್ತಿಲ್ಲದ ಹುಡುಗಿ, ಮೈತುಂಬ ಬೆಳ್ಳಿ ಬಣ್ಣದ ಕವಚ ತೊಟ್ಟವಳು, ಕಷ್ಟಪಟ್ಟು ಮಂಡಿಯೂರಿ ಕೂತು ನನ್ನ ಮಗಳಿಗೆ ಪಿನ್ ಹಾಕಿಕೊಟ್ಟಳು. ಶಾಲೆಯಲ್ಲಿ ಒಬ್ಬಳೇ ಕೂರುವ ನಮ್ಮ ಹುಡುಗಿ ಅವತ್ತು ಸಂಜೆ ತನಕ ಮಾತಾಡಿದ್ದೇ ಮಾತಾಡಿದ್ದು. ಮನೆಯಲ್ಲಿ ನಾನು ಅಷ್ಟು ಮಾತು ಕೇಳಿರಲಿಲ್ಲ.

ಕೆಟ್ಟದ್ದು ನಡೆಯುವುದೇ ಇಲ್ಲ ಅಂತ ಹೇಳುವುದಿಲ್ಲ. ಒಬ್ಬಾತ ಕೇಳದೆಯೇ ಅವಳ ಭುಜದ ಮೇಲೆ ಕೈ ಹಾಕಿ ಸೆಲ್ಫಿ ತೆಗೆಯಲು ಬಂದ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಜೋರಾಗಿ "ಮುಟ್ಟಬೇಡಿ" ಅಂದಳು. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು, ಅವನು ಹೋದ. ಈ ಮಾತನ್ನು ಮನೆಯಲ್ಲೇ ಬಾಯಿಗೆ ರೂಢಿ ಮಾಡಿಕೊಂಡು ಹೋಗು. ಫೋಟೊ ಬೇಡ ಅನ್ನುವುದು ನಿನ್ನ ಹಕ್ಕು. ಮತ್ತೆ ಕೇಳಿದರೆ ಭದ್ರತೆಯವರ ಹತ್ತಿರ ನಡೆದುಬಿಡು. ಒಳಗೆ ತೆಳು ಟೀ ಶರ್ಟು, ಲೆಗ್ಗಿಂಗ್ಸ್ ಇರಲಿ, ಬಟ್ಟೆ ಎಲ್ಲಿ ಜಾರಿದರೂ ಭಯ ಇರುವುದಿಲ್ಲ.

ಬೆಂಗಳೂರಿನಿಂದ, ಫೋಟೊ ತೆಗೆಯುವವನು:

ಮೇಲಿನ ಅಮ್ಮ ಹೇಳಿದ್ದು ಸರಿ. ಕಾಸ್‌ಪ್ಲೇ ಅಂದರೆ ಒಪ್ಪಿಗೆ ಕೊಟ್ಟ ಹಾಗೆ ಅಲ್ಲ. ನಾವು ಸರಿಯಾದ ಫೋಟೊಗ್ರಾಫರ್‌ಗಳು ಮೊದಲು ಕೇಳುತ್ತೇವೆ, ತೆಗೆದ ಮೇಲೆ ತೋರಿಸುತ್ತೇವೆ, ಬೇಡ ಅಂದದ್ದನ್ನು ಎದುರಿಗೇ ಅಳಿಸುತ್ತೇವೆ. ನೀವೂ ಬೇರೆಯವರ ಫೋಟೊ ತೆಗೆಯುವಾಗ ಕೇಳಿಯೇ ತೆಗೆಯಿರಿ. ಅವರು ಊಟ ಮಾಡುತ್ತಿದ್ದರೆ ಬಿಟ್ಟುಬಿಡಿ. ಒಳ್ಳೆ ಫೋಟೊ ಬೇಕು ಅಂದರೆ ನಾಲ್ಕು ಗಂಟೆ ಮೇಲೆ ಹಾಲ್‌ನಿಂದ ಹೊರಗೆ ಬನ್ನಿ, ಬೆಳಕು ಚೆನ್ನಾಗಿರುತ್ತದೆ. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವ ಭಂಗಿಯನ್ನು ಮೊದಲೇ ಕನ್ನಡಿ ಮುಂದೆ ನೋಡಿಕೊಂಡಿರಿ.

ಕಾಸ್‌ಪ್ಲೇ ಸ್ಪರ್ಧೆಯಲ್ಲಿ ಮಾಂಗಾ-ಅನಿಮೆಗೆ ಅಂತಲೇ ಒಂದು ವಿಭಾಗ ಇರುತ್ತದೆ. ಹೆಸರು ಕೊಡುವುದಾದರೆ ಪಾತ್ರದ ಚಿತ್ರ ಫೋನ್‌ನಲ್ಲಿ ಇಟ್ಟುಕೊಳ್ಳಿ, ಮೇಲಂಗಿಗೆ ಟೇಪ್ ಅಂಟಿಸುವಾಗಿನ ಫೋಟೊ ಕೂಡ. ನೀವೇ ಮಾಡಿದ್ದು ಅಂತ ತೋರಿಸಬಹುದು.

ದಾವಣಗೆರೆಯಿಂದ, ಕೇಳಿದವಳು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಎಲ್ಲ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಉಡುಪಿಯ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದರು. ಹುಡುಗನಾಗಿದ್ದಾಗ ಊರ ಜಾತ್ರೆ ನಾಟಕದಲ್ಲಿ ದುರ್ಯೋಧನನ ಗದೆ ಹೊತ್ತದ್ದು ನೆನಪಾಯಿತಂತೆ, ನಮಗೆ ಈವರೆಗೆ ಹೇಳೇ ಇರಲಿಲ್ಲ. ಈಗ ಹಸಿರು ಬಟ್ಟೆ ತಂದಾಗಿದೆ, ತಮ್ಮ ಟೇಪ್ ಅಂಟಿಸುತ್ತಾ ಕೂತಿದ್ದಾನೆ. ಅಪ್ಪನೂ ಜೊತೆಗೆ ಬರ್ತಾರಂತೆ. ಅವರು ವೇಷ ಹಾಕಲ್ಲ, ಸುಮ್ನೆ ನಮ್ಮ ಚೀಲ ಹಿಡಿದುಕೊಂಡು ಇರ್ತೀನಿ ಅಂದರು. ಅವರಿಗೂ ಟಿಕೆಟ್ ಬೇಕಾ?

ವಿಜಯನಗರದಿಂದ:

ಬೇಕು ತಂಗಿ, ಮೂರು ತಗೋ. ಅಪ್ಪನಿಗೆ ನಡೆಯೋಕೆ ಆರಾಮಾದ ಚಪ್ಪಲಿ ಹಾಕಿಕೊಂಡು ಬರೋಕೆ ಹೇಳು. ಒಳಗೆ ಕೂರೋಕೆ ಜಾಗ ಕಮ್ಮಿ.