ಬಸವಣ್ಣನ ನಾಣ್ಯದ ಕ್ಯಾಪ್ಸೂಲ್ ಮೇಲೆ ಬೆಲೆ ಚೀಟಿಯ ಅಂಟು, ಹೇಗೆ ತೆಗೆಯಲಿ?

ಬಾಗೇವಾಡಿಯವ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಬಸವನ ಬಾಗೇವಾಡಿ, ಈಗ ಇರೋದು ವಿಜಯಪುರದಲ್ಲಿ. ಹಳೆಯ ಸಂಗ್ರಹಕಾರರೊಬ್ಬರಿಂದ ಒಂದಿಷ್ಟು ನಾಣ್ಯ ಕೊಂಡಿದ್ದೇನೆ. ಅದರಲ್ಲಿ 2006ರ ಬಸವೇಶ್ವರರ ನೂರು ರೂಪಾಯಿ ನಾಣ್ಯ ಇದೆ. ನಮ್ಮೂರಲ್ಲಿ ಹುಟ್ಟಿದವರ ನಾಣ್ಯ ಅಂತ ಬಹಳ ದಿನದಿಂದ ಹುಡುಕುತ್ತಿದ್ದೆ. ನಾಣ್ಯ ಹೊಸದರಂತೆಯೇ ಇದೆ. ಆದರೆ ಅದನ್ನಿಟ್ಟಿರುವ ಗುಂಡನೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅಂದರೆ ಕ್ಯಾಪ್ಸೂಲ್ ಮೇಲೆ, ಸರಿಯಾಗಿ ಬಸವಣ್ಣನ ಚಿತ್ರದ ಮೇಲೆ ಬೆಲೆ ಚೀಟಿ ಅಂಟಿಸಿದ್ದರು. ಕಾಗದ ಬಂತು, ಅಂಟು ಉಳಿಯಿತು. ಅದಕ್ಕೆ ಧೂಳು ಕೂತು ಕಪ್ಪಾಗಿದೆ.

ಇನ್ನೊಂದು ಐದನೇ ಜಾರ್ಜ್ ಬೆಳ್ಳಿ ರೂಪಾಯಿ. ಅದು ಗ್ರೇಡಿಂಗ್ (ಗುಣಮಟ್ಟದ ಪರೀಕ್ಷೆ) ಆಗಿ ಸೀಲ್ ಆದ ಸ್ಲ್ಯಾಬ್‌ನಲ್ಲಿದೆ, ಅಂದರೆ ಚಪ್ಪಟೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಅದರ ಹಿಂದೆಯೂ ಚೀಟಿ ಇದೆ. ಮೂರನೆಯದು ಆದಿಲ್‌ಶಾಹಿ ಕಾಲದ ಲಾರಿ ಅನ್ನೋ ನಾಣ್ಯ, ಮಡಚಿದ ಬೆಳ್ಳಿ ತಂತಿ. ಅದು ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿದೆ. ಚೀಲ ಒಳಗೂ ಹೊರಗೂ ಅಂಟಂಟು. ಮನೆಯಲ್ಲಿ ನೇಲ್ ಪಾಲಿಶ್ ರಿಮೂವರ್ ಇದೆ, ಪೇಂಟ್ ಥಿನ್ನರ್ ಇದೆ. ಹಚ್ಚಬಹುದಾ?

ಗುಮ್ಮಟದ ಮಗ್ಗುಲು:
ಥಿನ್ನರ್ ಬ್ಯಾಡ್ರಿ. ನೀಲಗಿರಿ ಎಣ್ಣೆ ಹಚ್ಚಿ ಒರೆಸಿ. ಹೊಸ ಸ್ಟೀಲ್ ಡಬ್ಬಿ ತಂದಾಗ ನಮ್ಮ ಮನೆಯಲ್ಲಿ ಅದನ್ನೇ ಮಾಡ್ತೀವಿ, ಒಂದೇ ಸಲಕ್ಕೆ ಹೋಗುತ್ತದೆ.

ಬಾಗಲಕೋಟೆ ಅಕ್ಕ:
ಸ್ಟೀಲಿಗೆ ನೀಲಗಿರಿ ಎಣ್ಣೆ ಸರಿ ಅಣ್ಣಾರ, ನಾಣ್ಯದ ಡಬ್ಬಿಗೆ ಬೇಡ. ಸ್ಲ್ಯಾಬ್‌ಗಳು ಸಾಮಾನ್ಯವಾಗಿ ಪಾಲಿಸ್ಟೈರೀನ್. ನೀಲಗಿರಿ ಎಣ್ಣೆ, ಕಿತ್ತಳೆ ಸಿಪ್ಪೆ ಎಣ್ಣೆಯಿಂದ ಮಾಡಿದ ಕ್ಲೀನರ್ ಎರಡೂ ಪಾಲಿಸ್ಟೈರೀನನ್ನು ಕರಗಿಸುತ್ತವೆ. ಗಾಜಿನಂತಿದ್ದ ಮೇಲ್ಮೈ ಮಬ್ಬಾಗುತ್ತದೆ, ಆಮೇಲೆ ಸರಿಹೋಗೋದಿಲ್ಲ. ಗುಂಡನೆಯ ಕ್ಯಾಪ್ಸೂಲ್ ಹೆಚ್ಚಾಗಿ ಅಕ್ರಿಲಿಕ್. ನೇಲ್ ಪಾಲಿಶ್ ರಿಮೂವರ್‌ನಲ್ಲಿರುವ ಅಸಿಟೋನ್ ಎರಡೂ ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತದೆ. ಸ್ಯಾನಿಟೈಸರ್ ಕೂಡ ಅಕ್ರಿಲಿಕ್‌ಗೆ ಬೇಡ. ಅದರಲ್ಲಿರುವ ಆಲ್ಕೋಹಾಲ್‌ನಿಂದ ಕೂದಲೆಳೆಯಂಥ ಬಿರುಕು ಬರಬಹುದು.

ನಾನು ಮಾಡೋದು ಹೀಗೆ. ಮೊದಲು ಬಸವಣ್ಣನ ನಾಣ್ಯ ಹೊರಗೆ ತೆಗೆಯಿರಿ. ಅಂಚು ಹಿಡಿದೇ ತೆಗೆಯಿರಿ, ಮುಖಕ್ಕೆ ಬೆರಳು ತಾಗಬಾರದು. ಅದನ್ನು ಶುದ್ಧವಾದ ಮೆತ್ತನೆ ಬಟ್ಟೆಯ ಮೇಲೆ ದೂರ ಇಡಿ. ಅಂಟಿನ ಮೇಲಿನ ಧೂಳನ್ನು ಒಣ ಬಟ್ಟೆಯಿಂದ ತಿಕ್ಕಬೇಡಿ. ನಮ್ಮ ಕಡೆ ಮಣ್ಣಿನ ಧೂಳು ಜಾಸ್ತಿ ಅಲ್ವಾ, ಅದೇ ಗೀರು ಹಾಕೋದು. ಹೊಸ ಸೆಲ್ಲೋಟೇಪ್ ತುಂಡನ್ನು ಅಂಟಿನ ಮೇಲೆ ಒತ್ತಿ, ಪಟ್ಟನೆ ಎಳೆಯಿರಿ. ಟೇಪ್ ಬದಲಿಸುತ್ತಾ ಹೋಗಿ. ಬಹಳಷ್ಟು ಅಂಟು ಹೀಗೇ ಎದ್ದು ಬರುತ್ತದೆ, ಏನೂ ಹಚ್ಚುವ ಕೆಲಸವೇ ಇರೋದಿಲ್ಲ.

ಉಳಿದದ್ದಕ್ಕೆ ಅಡುಗೆಮನೆಯ ಕುಸುಬಿ ಎಣ್ಣೆ ಸಾಕು, ಕೊಬ್ಬರಿ ಎಣ್ಣೆಯೂ ಆಗುತ್ತದೆ. ಮೊದಲು ಅಂಚಿನಲ್ಲಿ ಒಂದು ಹನಿ ಹಚ್ಚಿ ನೋಡಿ. ಆಮೇಲೆ ಹತ್ತಿಯಲ್ಲಿ ಅದ್ದಿ ಅಂಟಿನ ಮೇಲೆ ಇಟ್ಟು ಅರ್ಧ ಗಂಟೆ ಬಿಡಿ. ಹೆಬ್ಬೆರಳಿನಿಂದ ಉರುಳಿಸಿದರೆ ಅಂಟು ಉಂಡೆಯಾಗಿ ಬರುತ್ತದೆ. ಬ್ಲೇಡು, ಸ್ಕ್ರಬ್ಬರ್ ಮುಟ್ಟಲೇಬೇಡಿ. ಖಾಲಿ ಕ್ಯಾಪ್ಸೂಲನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಅಂಚಿನ ಸಂದಿಯಲ್ಲಿ ಎಣ್ಣೆ ಉಳಿಯದ ಹಾಗೆ ನೋಡಿಕೊಳ್ಳಿ. ರಾತ್ರಿಯಿಡೀ ಒಣಗಿದ ಮೇಲೇ ನಾಣ್ಯ ಒಳಗೆ ಇಡಿ. ಆ ನಾಣ್ಯದಲ್ಲಿ ಅರ್ಧ ಬೆಳ್ಳಿ, ಉಳಿದದ್ದರಲ್ಲಿ ತಾಮ್ರವೇ ಹೆಚ್ಚು. ತೇವ ಸಿಕ್ಕಿದರೆ ಕಲೆ ಬೀಳುತ್ತದೆ.

ಸ್ಲ್ಯಾಬ್ ಮಾತ್ರ ನೀರಲ್ಲಿ ಅದ್ದಬೇಡಿ. ಸೀಲ್ ಆಗಿದ್ದರೂ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಅದಕ್ಕೆ ಟೇಪ್, ಆಮೇಲೆ ಇಯರ್‌ಬಡ್ ತುದಿಗೆ ಹತ್ತಿಸಿದಷ್ಟೇ ಎಣ್ಣೆ. ಕೊನೆಗೆ ಸೋಪು ನೀರಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ.

ಟಿಳಕವಾಡಿ:
ಅಕ್ಕಾರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲಾರಿಯ ಚೀಲದ ಒಳಗಿನ ಅಂಟು ಚೀಟಿಯದ್ದಲ್ಲ ಅನ್ನಿಸುತ್ತದೆ. ಹೊಸ ರೆಕ್ಸಿನ್ ಥರ ವಾಸನೆ ಬಂದರೆ ಅದು ಪಿವಿಸಿ. ಅದನ್ನು ಮೆತ್ತಗೆ ಮಾಡಲು ಸೇರಿಸುವ ಎಣ್ಣೆಯಂಥ ವಸ್ತು ದಿನ ಕಳೆದಂತೆ ಹೊರಗೆ ಜಿನುಗುತ್ತದೆ. ನಾಣ್ಯದ ಮೇಲೆ ಹಸಿರು ಪೊರೆ ಕೂತು ಲೋಹವನ್ನೇ ತಿನ್ನುತ್ತದೆ. ಆ ಚೀಲ ತೊಳೆಯಬೇಡಿ, ಎಸೆಯಿರಿ. ಇವತ್ತೇ ನಾಣ್ಯ ಹೊರಗೆ ತೆಗೆಯಿರಿ.

ಅಸಿಟೋನ್ ಬೇಕಾಗೋದು ಇಲ್ಲಿ, ನಾಣ್ಯಕ್ಕೆ. ಬಣ್ಣ, ಸುಗಂಧ ಸೇರಿಸಿದ ರಿಮೂವರ್ ಅಲ್ಲ, ಶುದ್ಧವಾದದ್ದು. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಉಜ್ಜಬೇಡಿ. ಇನ್ನೊಂದು ಸಲ ಹೊಸ ಅಸಿಟೋನ್‌ನಲ್ಲಿ ಅದ್ದಿ, ತಾನಾಗಿ ಒಣಗಲಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು. ಬೇಗ ಹೊತ್ತಿಕೊಳ್ಳುತ್ತದೆ. ಲಾರಿ ಗುಂಡು ಕ್ಯಾಪ್ಸೂಲಲ್ಲಿ ಕೂರೋದಿಲ್ಲ, ಮೈಲಾರ್ (ಪಿವಿಸಿ ಅಲ್ಲದ ಪಾಲಿಯೆಸ್ಟರ್ ಹಾಳೆ) ಚೀಲ ಕೇಳಿ ತನ್ನಿ.

ಬಾಗೇವಾಡಿಯವ:
ಅಕ್ಕಾರ, ಟೇಪಿಗೇ ಮುಕ್ಕಾಲು ಅಂಟು ಬಂತು. ಉಳಿದದ್ದು ಕುಸುಬಿ ಎಣ್ಣೆಗೆ ಹೋಯಿತು, ಒಂದು ಗೀರೂ ಇಲ್ಲ. ಲಾರಿಯನ್ನು ಹೊರಗೆ ತೆಗೆದಿಟ್ಟಿದ್ದೇನೆ, ಅಸಿಟೋನ್ ತರಬೇಕು. ಸ್ಲ್ಯಾಬ್ ಹಿಂದಿನ ಚೀಟಿಯಲ್ಲಿ ಆ ಹಿರಿಯರ ಕೈಬರಹ ಇದೆ, ಎಲ್ಲಿ ಯಾವಾಗ ಕೊಂಡದ್ದು ಅಂತ. ಅದನ್ನೂ ಕಿತ್ತು ಹಾಕಲಾ?

ಬಾಗಲಕೋಟೆ ಅಕ್ಕ:
ಬೇಡಪ್ಪಾ, ಅದನ್ನು ಹರಿಯಬೇಡ! ನಾಣ್ಯ ಯಾರ ಕೈಯಿಂದ ಬಂತು ಅನ್ನೋದಕ್ಕೆ ಅದೊಂದೇ ದಾಖಲೆ. ಮೊದಲು ಫೋಟೋ ತೆಗಿ. ಹಿಂದೆ ತಾನೇ ಇರೋದು, ಬಿಟ್ಟರೂ ತೊಂದರೆ ಇಲ್ಲ. ತೆಗೆಯಲೇಬೇಕು ಅಂದರೆ ಹೇರ್ ಡ್ರೈಯರನ್ನು ಕಡಿಮೆ ಶಾಖದಲ್ಲಿ ಒಂದಡಿ ದೂರ ಹಿಡಿದು, ಒಂದು ಮೂಲೆಯಿಂದ ನಿಧಾನಕ್ಕೆ ಎತ್ತು. ಎಣ್ಣೆ ಹಚ್ಚಿದರೆ ಶಾಯಿ ಹರಡುತ್ತದೆ. ಬಂದ ಚೀಟಿಯನ್ನು ಬಿಳಿ ಕಾಗದಕ್ಕೆ ಅಂಟಿಸಿ, ನಾಣ್ಯದ ನಂಬರ್ ಬರೆದು ಫೈಲಿನಲ್ಲಿ ಇಡು. ನೀನು ಹೊಸದಾಗಿ ಏನಾದರೂ ಬರೆಯೋದಿದ್ದರೆ ಪೆನ್ಸಿಲ್‌ನಿಂದ ಬೇರೆ ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿ ಪಕ್ಕಕ್ಕೆ ಸಿಕ್ಕಿಸು, ಪ್ಲಾಸ್ಟಿಕ್‌ಗೆ ಅಂಟಿಸಬೇಡ.