ಪಿ0420 ಅಳಿಸಿದರೂ ಮತ್ತೆ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್

ಪ್ರಶ್ನೆ: 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4, 1.2 ಲಕ್ಷ ಕಿ.ಮೀ. ಓಡಿದೆ. ಸ್ಕ್ಯಾನರ್‌ನಲ್ಲಿ ಪಿ0420 ಎಂಬ ದೋಷದ ಕೋಡ್ ಬರುತ್ತಿದೆ. ಅಳಿಸಿದರೆ ಮೂರ್ನಾಲ್ಕು ದಿನಕ್ಕೆ ಲೈಟ್ ಮತ್ತೆ ಹತ್ತುತ್ತದೆ. ಎಮಿಷನ್ ಟೆಸ್ಟ್ ಪಾಸಾಗಿದೆ. ಹಿಂದಿನ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯುವುದು) ಬದಲಾಯಿಸಿದರೆ ಸಾಕೇ?

ಉತ್ತರ 1: ಸೆನ್ಸರಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ಕಡಿಮೆ ಮಾಡುವ ಭಾಗ) ಕೆಲಸ ಕುಗ್ಗಿದೆ ಎಂಬುದು ಆ ಕೋಡಿನ ಅರ್ಥ. ಸೆನ್ಸರೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ0136ರಿಂದ ಪಿ0141ರೊಳಗಿನ ಕೋಡ್ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿದು ಸ್ಕ್ಯಾನರ್ ಆ ಕ್ಷಣಕ್ಕೆ ತೋರಿಸುವ ರೀಡಿಂಗ್ (ಲೈವ್ ಡೇಟಾ) ನೋಡಿ. ಮುಂದಿನ ಸೆನ್ಸರ್ (ಕನ್ವರ್ಟರಿಗೆ ಮೊದಲಿರುವುದು) 0.1 ಮತ್ತು 0.9 ವೋಲ್ಟ್ ನಡುವೆ ಬೇಗಬೇಗ ಏರಿಳಿಯಬೇಕು, ಹಿಂದಿನದು (ಕನ್ವರ್ಟರ್ ಆದ ಮೇಲಿರುವುದು) 0.6–0.7ರ ಆಸುಪಾಸಿನಲ್ಲಿ ನಿಂತಿರಬೇಕು. ಹಿಂದಿನದೂ ಅದೇ ವೇಗದಲ್ಲಿ ಕುಣಿದರೆ ಕನ್ವರ್ಟರ್ ಆಕ್ಸಿಜನ್ ಹಿಡಿದಿಟ್ಟುಕೊಳ್ಳುತ್ತಿಲ್ಲ. ಐಡಲ್‌ನಲ್ಲಿ ಮಾಡುವ ಎಮಿಷನ್ ಟೆಸ್ಟ್‌ನಲ್ಲಿ ಇದು ಸಿಕ್ಕಿಬೀಳದೆ ಹೋಗಬಹುದು.

ಉತ್ತರ 2: ಹೊಗೆ ಕೊಳವೆಯ ಲೀಕ್ ಪರೀಕ್ಷೆ ಮರೆಯಬೇಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಎಂಜಿನ್‌ಗೆ ಹೊಗೆ ಕೊಳವೆ ಸೇರುವಲ್ಲಿನ ಸೀಲ್) ಮತ್ತು ಫ್ಲೇಂಜ್ (ಕೊಳವೆಗಳ ಬೋಲ್ಟ್ ಜೋಡಣೆ) ಬಳಿ ಟಿಕ್‌ಟಿಕ್ ಸದ್ದು, ಕಪ್ಪು ಮಸಿ ಇದೆಯೇ ನೋಡಿ. ಸಣ್ಣ ಸಂದಿಯಿಂದ ಹೊರಗಿನ ಗಾಳಿ ಸೇರಿದರೂ ರೀಡಿಂಗ್ ಕೆಡುತ್ತದೆ. ಫ್ಯುಯೆಲ್ ಟ್ರಿಮ್ (ಇಂಧನದ ಪ್ರಮಾಣದಲ್ಲಿ ಎಂಜಿನ್ ಕಂಪ್ಯೂಟರ್ ಮಾಡುವ ಹೆಚ್ಚುಕಡಿಮೆ) ±10% ಒಳಗಿರಲಿ.

ಪ್ರಶ್ನೆ ಕೇಳಿದವರು: ಫ್ಲೇಂಜ್ ಬಳಿ ಮಸಿ ಇದೆ. ಹಿಂದಿನ ಸೆನ್ಸರ್ ಆಗಾಗ ಮಾತ್ರ 0.2ಕ್ಕೆ ಇಳಿಯುತ್ತದೆ.

ಉತ್ತರ 2: ಹಾಗಾದರೆ ಮೊದಲು ಗ್ಯಾಸ್ಕೆಟ್ ಹಾಕಿಸಿ, ಕೋಡ್ ಅಳಿಸಿ, ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ. ಆಮೇಲೂ ಬಂದರೆ ಕನ್ವರ್ಟರೇ. ಹೊಸದು ಹಾಕುವ ಮುನ್ನ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು), ಆಯಿಲ್ ಉರಿಯುವುದು ಇದ್ದರೆ ಸರಿಪಡಿಸಿ, ಇಲ್ಲವೆಂದರೆ ಅದೂ ಹಾಳಾಗುತ್ತದೆ. ಸೆನ್ಸರಿಗೆ ಸ್ಪೇಸರ್ (ಅದನ್ನು ಹೊಗೆಯಿಂದ ದೂರ ಸರಿಸುವ ತುಂಡು) ಹಾಕಿಸಲೇಬೇಡಿ: ಲೈಟ್ ಆರುತ್ತದೆ, ಕೆಟ್ಟ ಹೊಗೆ ಹೋಗುತ್ತಲೇ ಇರುತ್ತದೆ.